ಕ್ಲಚ್ಚಕ್ಕನ ಮೂರು ಸಿಲಿಂಡರು

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು ಅವಳೇ. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯಲ್ಲಿ ಹಾಕಿಸಿಕೊಂಡ ಇನ್ನೊಂದು ಜೊತೆ ಪೆಡಲುಗಳ ಮೇಲೆ ಪಾದ ಊರಿ, "ಕ್ಲಚ್ಚು, ಕ್ಲಚ್ಚು! ಮೆಲ್ಲಗೆ ಬಿಡಪ್ಪಾ, ಹಾವು ತುಳಿದವನ ಹಾಗೆ ಯಾಕೆ ಕಾಲು ಎತ್ತುತೀಯ?" ಎಂದು ಗದರುತ್ತಿದ್ದುದರಿಂದ ಕಲಿಯಲು ಬಂದವರೇ ಕ್ಲಚ್ಚಕ್ಕ ಎಂದು ಹೆಸರಿಟ್ಟರು. ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಸಿಟ್ಟು ಬಂದಾಗ ಹೆತ್ತ ತಾಯಿಯೂ ಹಾಗೇ ಕೂಗುತ್ತಿದ್ದಳು.

ಅಪ್ಪ ತೀರಿಕೊಂಡಾಗ ಅವಳು ಓದು ಬಿಟ್ಟು ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದಳು. ತಮ್ಮ ಆಗಿನ್ನೂ ಚಡ್ಡಿ ಹಾಕುವ ವಯಸ್ಸಿನವ. ಅವನ ಶಾಲೆ, ಅವನ ಶೂ, ಅವನ ಜ್ವರ ಎಲ್ಲವೂ ಅವಳ ತಲೆಯ ಮೇಲೆ. ಮದುವೆಯ ಮಾತು ಬಂದಾಗಲೆಲ್ಲ "ಇವನೊಬ್ಬ ದಡ ಸೇರಲಿ" ಎನ್ನುತ್ತಿದ್ದಳು. ಅವನು ದಡ ಸೇರುವ ಹೊತ್ತಿಗೆ ಮದುವೆಯ ಮಾತು ತರುವವರೇ ಇರಲಿಲ್ಲ.

ಸ್ಕೂಲಿನ ಯಜಮಾನರು ವಯಸ್ಸಾಗಿ ಬಾಗಿಲು ಹಾಕುವಾಗ ಅಲ್ಲಿನ ಹಳೆಯ ಕಾರನ್ನು ಅವಳಿಗೇ ಬಿಟ್ಟುಕೊಟ್ಟರು. ಅದರಲ್ಲೇ ಅವಳು ಸ್ವಂತವಾಗಿ ಕಲಿಸತೊಡಗಿದಳು. ಎಂಟುನೂರು ಸಿ.ಸಿ.ಯ ಪೆಟ್ರೋಲ್ ಎಂಜಿನ್ನು, ಇದ್ದದ್ದು ಮೂರೇ ಸಿಲಿಂಡರು. ನಿಂತಲ್ಲಿ ಕೊಂಚ ನಡುಗುತ್ತಿತ್ತು. ಮೂರು ಸಿಲಿಂಡರಿನ ಜಾಯಮಾನವೇ ಅದು. ನಾಲ್ಕು ಜನ ಕೂತರೆ ಏರಿನಲ್ಲಿ ಏದುಸಿರು ಬಿಡುತ್ತಿತ್ತು.

"ಇದು ಕಾರಾ, ಹೊಲಿಗೆ ಮಿಷನ್ನಾ?" ಎಂದು ಯಾರಾದರೂ ನಕ್ಕರೆ, "ಹೊಲಿಗೆ ಮಿಷನ್ನು ಯಾವತ್ತಾದ್ರೂ ನಡುದಾರೀಲಿ ಕೈಕೊಟ್ಟಿದ್ದು ನೋಡಿದ್ದೀಯಾ?" ಎನ್ನುತ್ತಿದ್ದಳು.

ಕೈಕೊಡದ ಹಾಗೆ ಅವಳು ನೋಡಿಕೊಂಡಿದ್ದಳು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುವಳು. ಆಮೇಲೆ ರೇಡಿಯೇಟರಿನ ನೀರು, ಫ್ಯಾನ್ ಬೆಲ್ಟಿನ ಬಿಗಿ. ಟೈಮಿಂಗ್ ಬೆಲ್ಟು ಹರಿಯಲಿ ಎಂದು ಕಾಯುತ್ತಿರಲಿಲ್ಲ, ಅದರ ಆಯುಸ್ಸು ಮುಗಿಯುವ ಮೊದಲೇ ಬದಲಾಯಿಸುತ್ತಿದ್ದಳು. "ಎಲ್ಲರೂ ನಿನ್ನಂಥವರೇ ಆದ್ರೆ ನಾನು ಗ್ಯಾರೇಜ್ ಮುಚ್ಚಿ ಚಹಾ ಮಾರಬೇಕಾಗುತ್ತೆ ಕಣಮ್ಮ" ಎಂದು ಮೆಕ್ಯಾನಿಕ್ ಗೊಣಗುತ್ತಿದ್ದ.

ತಮ್ಮನಿಗೆ ಕೆಲಸ ಸಿಕ್ಕಿತು, ಮದುವೆಯಾಯಿತು. ಹೊಸ ಬಡಾವಣೆಯಲ್ಲಿ ಮನೆ ಹಿಡಿದು ಅಮ್ಮನನ್ನೂ ಕರೆದುಕೊಂಡು ಹೋದ. ಒಂದು ಭಾನುವಾರ ಹೆಂಡತಿಯ ಜೊತೆ ಬಂದು ಬಾಗಿಲಲ್ಲೇ ನಿಂತು ಕೈಚಾಚಿದ.

"ಅಕ್ಕ, ಕೀ ಕೊಡು. ಇವಳ ಅಪ್ಪ ಅಮ್ಮ ಬರ್ತಿದ್ದಾರೆ, ಸ್ಟೇಷನ್‌ನಿಂದ ಕರ್ಕೊಂಡು ಬಂದ್ಬಿಡ್ತೀನಿ."

"ನಾನೇ ಬರ್ಲಾ?"

"ಬೇಡ ಬೇಡ, ಜಾಗ ಸಾಲಲ್ಲ."

ಕೊಟ್ಟಳು. ತಮ್ಮನಿಗೆ ಇಲ್ಲವೆಂದು ಹೇಳಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಸಂಜೆ ಕೀ ಮೇಜಿನ ಮೇಲಿಟ್ಟು, "ಬೆಣ್ಣೆ ಹಾಗೆ ಓಡ್ತು ಅಕ್ಕ" ಎಂದು ಹೇಳಿ ಆತುರಾತುರವಾಗಿ ಹೊರಟುಹೋದ.

ಮರುದಿನ ಬೆಳಿಗ್ಗೆ ಕಾರಿನ ಕೆಳಗೆ ನೆಲ ಒದ್ದೆಯಾಗಿತ್ತು. ಆಯಿಲ್ ಕಡ್ಡಿ ಎಳೆದಳು. ಅದರ ತುದಿಯಲ್ಲಿ ಹಾಲು ಬೆರೆಸಿದ ಕಾಫಿಯಂಥ ನೊರೆ. ಎಣ್ಣೆಯೊಳಗೆ ನೀರು ನುಗ್ಗಿದೆ! ಅವಳು ಕಡ್ಡಿ ಒರೆಸಿಟ್ಟು ಮೆಕ್ಯಾನಿಕ್ಕನ್ನು ಕರೆಸಿದಳು.

ಮೆಕ್ಯಾನಿಕ್ ಎಂಜಿನ್ ಬಿಚ್ಚಿದ. ರೇಡಿಯೇಟರಿನ ತಳಕ್ಕೆ ಕಲ್ಲು ಬಡಿದು ತೂತಾಗಿತ್ತು. ನೀರೆಲ್ಲ ಸೋರಿಹೋದ ಮೇಲೂ ಓಡಿಸಿದ್ದರಿಂದ ಎಂಜಿನ್ನಿನ ಮೇಲಿನ ಹೆಡ್ಡು ಕಾದು ಸೊಟ್ಟಗಾಗಿತ್ತು, ನೀರು ಎಣ್ಣೆಗೆ ಸೇರದಂತೆ ತಡೆಯುವ ಗ್ಯಾಸ್ಕೆಟ್ಟು ಸುಟ್ಟಿತ್ತು, ಸಿಲಿಂಡರಿನ ಒಳಗೋಡೆಯ ತುಂಬ ಗೀರು.

"ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಏರಿದಾಗಲೇ ನಿಲ್ಲಿಸಿದ್ದಿದ್ರೆ, ರೇಡಿಯೇಟರಿಗೆ ಒಂದು ಬೆಸುಗೆ ಹಾಕಿ ಮುಗಿಸಬಹುದಿತ್ತು" ಎಂದ ಅವನು. "ಇದನ್ನ ಓಡಿಸಿ ಓಡಿಸಿ ಕೊಂದಿದ್ದಾರೆ. ಇನ್ನು ಬೇರೆ ಎಂಜಿನ್ನೇ ಹಾಕಬೇಕು. ಈ ವಯಸ್ಸಿನ ಗಾಡಿಗೆ ಅದು ಮಾಡೋ ಕೆಲಸ ಅಲ್ಲ."

ತಮ್ಮನ ಮನೆಗೆ ಹೋಗಿ ಕೇಳಿದಳು. "ಯಾವ ಮುಳ್ಳು? ನಾನು ರಸ್ತೆ ನೋಡ್ಲಾ, ಮುಳ್ಳು ನೋಡ್ಲಾ? ನಂಗೆ ಅದೆಲ್ಲ ಗೊತ್ತಾಗಲ್ಲ ಅಕ್ಕ. ಹಳೇ ಗಾಡಿ, ಹೋಗೋ ಕಾಲ ಬಂದಿತ್ತು, ಹೋಯ್ತು" ಎಂದ.

ಅಮ್ಮ ಒಳಗಿನಿಂದಲೇ ಸೇರಿಸಿದಳು: "ಒಂದು ಕಬ್ಬಿಣದ ಡಬ್ಬಿಗೋಸ್ಕರ ಒಡಹುಟ್ಟಿದವನನ್ನ ಕಟಕಟೇಲಿ ನಿಲ್ಲಿಸ್ತೀಯಾ?"

ಕ್ಲಚ್ಚಕ್ಕ ಮನೆಗೆ ವಾಪಸು ಬಂದಳು. ಕಾರು ಗುಜರಿಗೆ ಹೋಯಿತು. ಅವಳು ಒಂದು ದೊಡ್ಡ ಡ್ರೈವಿಂಗ್ ಸ್ಕೂಲಿನಲ್ಲಿ ಆಳಾಗಿ ಸೇರಿದಳು. ಅಲ್ಲಿನ ಕಾರುಗಳ ಆಯಿಲ್ ಟಾರಿನಂತೆ ಕಪ್ಪಗಿರುತ್ತಿತ್ತು. ಹೇಳಹೋದರೆ ಮ್ಯಾನೇಜರು, ಅವಳೇ ಹಿಂದೆ ಕ್ಲಚ್ಚು ಕಲಿಸಿದ್ದ ಮನುಷ್ಯ, "ಪಾಠ ಹೇಳೋದಷ್ಟೇ ನಿಮ್ಮ ಕೆಲಸ" ಎನ್ನುತ್ತಿದ್ದ.

ಅವಳಿಗಿದ್ದ ಸಮಾಧಾನ ಒಂದೇ. ಪಾಪ, ಅವನಿಗೆ ಗೊತ್ತಿರಲಿಲ್ಲ. ಊರಿಗೆಲ್ಲ ಮುಳ್ಳು ತೋರಿಸಿದವಳು ಸ್ವಂತ ತಮ್ಮನಿಗೆ ತೋರಿಸದೆ ಕೀ ಕೊಟ್ಟೆನಲ್ಲ, ತಪ್ಪು ನನ್ನದೇ. ಹೀಗೆ ತನ್ನನ್ನೇ ಬೈದುಕೊಂಡು ಅವನನ್ನು ಉಳಿಸಿಕೊಂಡಿದ್ದಳು.

ಕೆಲವು ವರ್ಷಗಳ ಮೇಲೆ ತಮ್ಮ ಹೊಸ ಕಾರು ಕೊಂಡ. "ಇವಳಿಗೆ ನೀನೇ ಕಲಿಸಬೇಕು ಅಕ್ಕ, ಬೇರೆಯವರ ಮೇಲೆ ನಂಬಿಕೆ ಇಲ್ಲ" ಎಂದ. ಅವಳಿಗೆ ಒಳಗೊಳಗೇ ಹಿಗ್ಗಾಯಿತು. ರಜೆಯ ದಿನ ತಮ್ಮನ ಹೆಂಡತಿಯನ್ನು ಕೂರಿಸಿಕೊಂಡು ಖಾಲಿ ಮೈದಾನಕ್ಕೆ ಹೋದಳು. ಸ್ಟೇರಿಂಗಿನ ಹಿಂದಿನ ಒಂದೊಂದನ್ನೂ ತೋರಿಸುತ್ತ ಬಂದಳು.

"ಇದು ಎಂಜಿನ್ ಬಿಸಿ ತೋರಿಸೋದು. ಇದು ಕೆಂಪಿಗೆ ಹೋದ್ರೆ ಪಕ್ಕಕ್ಕೆ ನಿಲ್ಲಿಸಿ ಆರಿಸಿಬಿಡು. ಕಾದಿರೋವಾಗ ಮುಚ್ಚಳ ಮಾತ್ರ ತೆಗೀಬೇಡ."

"ಗೊತ್ತು ಬಿಡಿ ಅಕ್ಕ" ಎಂದು ಅವಳು ನಕ್ಕಳು. "ಅವತ್ತು ನಿಮ್ಮ ಗಾಡೀಲಿ ಸ್ಟೇಷನ್‌ಗೆ ಹೋಗ್ತಾ ಹೀಗೇ ಆಗಿತ್ತಲ್ಲ. ಮುಳ್ಳು ಪೂರ್ತಿ ಮೇಲೆ ಹೋಗಿದೆ, ನಿಲ್ಲಿಸ್ರೀ, ನಿಲ್ಲಿಸ್ರೀ ಅಂತ ಬಡ್ಕೊಂಡೆ. ಕೇಳಿದ್ರೆ ತಾನೇ ಇವರು! 'ನಮ್ಮ ಗಾಡಿನಾ? ಅಕ್ಕಂದು. ಅವಳೇ ಸರಿ ಮಾಡಿಸ್ಕೋತಾಳೆ ಬಿಡು' ಅಂದ್ರು. ಬರೋವಾಗ ನಿಮ್ಮ ಬೀದಿ ತಿರುವಿನಲ್ಲಿ ರೇಡಿಯೇಟರಿಗೆ ಒಂದು ಕೊಡ ನೀರು ಸುರಿದು, ಮುಳ್ಳು ಇಳಿಸಿಕೊಂಡು..." ಅಷ್ಟರಲ್ಲಿ ಪಕ್ಕದವಳ ಮುಖ ನೋಡಿ ಮಾತು ನಿಲ್ಲಿಸಿದಳು. "ನಿಮಗೆ ಹೇಳಿಲ್ವಾ ಅವರು?"

"ಹೇಳಿದ್ದ" ಎಂದಳು ಕ್ಲಚ್ಚಕ್ಕ. "ಕ್ಲಚ್ ಒತ್ತು. ಮೊದಲನೇ ಗೇರು."

ಪಾಠ ಅರ್ಧಕ್ಕೆ ಬಿಡಲಿಲ್ಲ. ಆ ಹೆಣ್ಣುಮಗಳಿಗೆ ಲೈಸೆನ್ಸ್ ಬರುವವರೆಗೂ ಕಲಿಸಿದಳು, ಒಮ್ಮೆಯೂ ಗದರಲಿಲ್ಲ. ಕೊನೆಯ ದಿನ ತಮ್ಮ ಗೇಟಿನಲ್ಲಿ ಕಾಯುತ್ತಿದ್ದ. "ಒಳಗೆ ಬಾ ಅಕ್ಕ, ಊಟ ಮಾಡ್ಕೊಂಡು ಹೋಗು" ಎಂದ. ಅವಳು ಅವನ ಮುಖವನ್ನು, ಆ ಮುಖದಲ್ಲಿದ್ದ ನಿರಾಳವನ್ನು, ಒಂದು ಗಳಿಗೆ ನೋಡಿದಳು. ಜ್ವರ ಬಂದಾಗ ರಾತ್ರಿಯೆಲ್ಲ ಒದ್ದೆ ಬಟ್ಟೆ ಹಾಕಿದ ಹಣೆ ಅದೇ.

"ಕೆಲಸ ಇದೆ" ಎಂದು ಕೀ ಅವನ ಕೈಗಿಟ್ಟು ಬಸ್ ಸ್ಟಾಪಿನ ಕಡೆ ನಡೆದಳು.

ಆಮೇಲೆ ಅವಳು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಅಮ್ಮನನ್ನು ನೋಡಬೇಕೆನಿಸಿದರೆ ಉದ್ಯಾನದ ಬೆಂಚಿಗೆ ಕರೆಸಿಕೊಳ್ಳುತ್ತಿದ್ದಳು. "ಅದೇನು ಹಟಾನೇ ನಿಂದು?" ಎಂದು ಅಮ್ಮ ಕೇಳುತ್ತಿದ್ದಳು. ನೆಂಟರಿಷ್ಟರು ಸೇರಿದ ಕಡೆ ತಮ್ಮ ನಗುತ್ತ ಹೇಳುತ್ತಿದ್ದನಂತೆ: "ನಮ್ಮಕ್ಕ ಇನ್ನೂ ಆ ಹಳೇ ಗಾಡಿಗೋಸ್ಕರ ಮುಖ ಊದಿಸ್ಕೊಂಡಿದ್ದಾಳೆ." ಆ ಮಾತು ಸುತ್ತಿ ಬಳಸಿ ಅವಳ ಕಿವಿಗೂ ಬಿತ್ತು. ಅಲ್ಲವೆಂದು ಹೇಳಲು ಅವಳು ಹೋಗಲಿಲ್ಲ.