ಹಳೆಯ ಅಂಟು ಕೆರೆದವಳು

ಮಾತಾಡುವಾಗ ಅವಳ ಕುತ್ತಿಗೆಯ ನರ ಬೆರಳು ದಪ್ಪ ಉಬ್ಬುತ್ತಿತ್ತು. ಬನಹಟ್ಟಿಯ ನೇಕಾರರ ಮಗಳು. ಹುಟ್ಟಿದಾಗಿನಿಂದ ಮಗ್ಗದ ಖಟಖಟದ ಮೇಲೆ ಕೂಗಿ ಮಾತಾಡಿ ರೂಢಿ. ನಮ್ಮ ಹೊಳೆದಂಡೆಯ ಊರಿಗೆ ಸೊಸೆಯಾಗಿ ಬಂದ ಮೇಲೂ, ಮಗ್ಗ ಹಿಂದೆ ಉಳಿಯಿತು ಎಂಬುದು ಅವಳ ಗಂಟಲಿಗೆ ತಿಳಿಯಲೇ ಇಲ್ಲ.

ಅವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದೇ ಕುಡಿಯುತ್ತಿದ್ದಳು. ನೆಲದ ಮೇಲೆ ತುಂಡು ದಾರ ಕಂಡರೂ ಬಿಡದೆ ಎತ್ತಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು: ಚಿಕ್ಕ ಸೊಸೆ ಗಂಡನ ಅಣ್ಣನ ಮುಂದೆ ಬಾಯಿ ಬಿಡುವಂತಿಲ್ಲ. ಏನಿದ್ದರೂ ತಲೆಯ ಮೇಲೆ ಸೆರಗು ಹೊದ್ದು ನನಗೆ ಹೇಳಬೇಕು, ನಾನು ನನ್ನ ಗಂಡನಿಗೆ ಹೇಳಬೇಕು. ಅವರ ಉತ್ತರವೂ ನನ್ನ ಮೂಲಕವೇ. ಮೂವರೂ ಒಂದೇ ಪಡಸಾಲೆಯಲ್ಲಿ ಕೂತಿರುತ್ತಿದ್ದೆವು. ಅವಳು ನನ್ನ ಕಿವಿಯಲ್ಲಿ ಹೇಳಿದ್ದು ಆಚೆ ದಂಡೆಗೂ ಕೇಳುತ್ತಿತ್ತು. ಆದರೂ ನಾನು ಮತ್ತೊಮ್ಮೆ ಹೇಳುವ ತನಕ ನನ್ನ ಗಂಡ ಏನೂ ಕೇಳದವರಂತೆ ಮೇಲಿನ ತೊಲೆ ನೋಡುತ್ತಿದ್ದರು.

ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಊರಿನ ಅರ್ಧ ಹೊಲಗಳು ಆಚೆ ದಂಡೆಗೆ ಉಳಿದವು. ಹೋಗಿ ಬರಲೆಂದು ಮೈದುನ ಒಂದು ಹಳೆಯ ಫೈಬರ್ ದೋಣಿ ತಂದಿದ್ದ. ಎಲ್ಲೋ ಕೆರೆಯಲ್ಲಿ ಮಂದಿಯನ್ನು ಸುತ್ತಾಡಿಸಿ ಸವೆದದ್ದು. ಹಿಂದೆ ಸಣ್ಣ ಇಂಜಿನ್, ಅದು ಕೈ ಕೊಟ್ಟರೆ ಹುಟ್ಟು. ತಳಕ್ಕೆಲ್ಲ ಹಸಿರು ಕಾರ್ಪೆಟ್ ಅಂಟಿಸಿದ್ದರು. ಮೈದುನ ತೀರಿಕೊಂಡ ಮೇಲೆ ದೋಣಿ ದಂಡೆಯಲ್ಲಿ ಮಳೆಗೆ ನೆನೆಯುತ್ತ ಬಿದ್ದಿತ್ತು. ಕಾರ್ಪೆಟ್ ಕೊಳೆತು ಸತ್ತ ಮೀನಿನ ನಾತ ಹೊಡೆಯಿತು.

ಒಂದು ದಿನ ಅವಳು ಅಂದಳು, “ಅಕ್ಕಾ, ಬಾವಾರಿಗೆ ಹೇಳ್ರಿ, ಇನ್ನ ಮ್ಯಾಲೆ ದೋಣಿ ನಾ ನಡಸ್ತೀನಿ ಅಂತ.”

ನನ್ನ ಗಂಡ ತೊಲೆ ನೋಡುತ್ತಲೇ ನಕ್ಕರು. “ಅಕಿಗೆ ಹೇಳು, ಹೆಣಮಕ್ಕಳ ಕೈಯಾಗ ಅಂಬಲಿ ತಿರುವೂ ಹುಟ್ಟು ಛಲೋ. ದೋಣಿ ಹುಟ್ಟು ಅಲ್ಲ.”

“ಎರಡಕ್ಕೂ ಹೆಸರ ಒಂದ ಐತಿ ಅಂತ ಹೇಳ್ರಿ ಅಕ್ಕಾ. ಕೈನೂ ಅದ ಸಾಕು.”

ಹೇಳಿದೆ. ಕೊನೆಗೆ ಅವರು ಗಡುವು ಹಾಕಿದರು. ಎಳ್ಳ ಅಮಾವಾಸ್ಯೆಗೆ ಊರ ಹೆಂಗಸರೆಲ್ಲ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಆ ದಿನ ಜನ ಅವಳ ದೋಣಿ ಹತ್ತಿದರೆ ದೋಣಿ ಅವಳದು. ಹತ್ತದಿದ್ದರೆ ಮಾರುವುದೇ. ಮಾರಿದರೆ ಅವಳು ಮಗಳನ್ನು ಕಟ್ಟಿಕೊಂಡು ಬನಹಟ್ಟಿಗೆ ಹೋಗಬೇಕು, ಅಣ್ಣನ ಮನೆಯ ಮೂಲೆಗೆ. ಅದು ಮೂವರಿಗೂ ಗೊತ್ತಿತ್ತು.

ಅವಳು ಎಳೆದದ್ದೇ ಕಾರ್ಪೆಟ್ ಹಳೆಯ ಚರ್ಮದ ಹಾಗೆ ಪಟ್ಟಿ ಪಟ್ಟಿಯಾಗಿ ಕಿತ್ತು ಬಂತು. ಅದರ ಅಡಿಯ ಅಂಟು ಬರಲಿಲ್ಲ. ಹಳದಿ ಬಣ್ಣ, ಉಬ್ಬು ಉಬ್ಬು, ಕಾರ್ಪೆಟ್ಟಿನ ಕೂದಲು ಹಿಡಿದುಕೊಂಡು ಹುಣ್ಣಿನ ಹಕ್ಕಳೆಯಂತೆ ತಳದ ತುಂಬ ಕೂತಿತ್ತು.

“ಅದರ ಮ್ಯಾಲ ಹೊಸಾದು ಬಡಿ ಅಂತ ಹೇಳು,” ಅಂದರು ನನ್ನ ಗಂಡ.

“ಹಳೇ ಗಂಜಿ ಮ್ಯಾಲ ಹೊಸ ಗಂಜಿ ಕುಡಿಸಿದ ನೂಲು ಮಗ್ಗದಾಗ ನಿಲ್ಲೂದಿಲ್ಲ ಅಂತ ಹೇಳ್ರಿ ಅಕ್ಕಾ.”

ಗಂಜಿ ಅಂದಳಲ್ಲ, ಅಲ್ಲೇ ಎಡವಿದಳು. ನೇಕಾರರ ಮನೆಯಲ್ಲಿ ಅಂಟು ಅಂದರೆ ಗಂಜಿ, ಗಂಜಿ ಅಂದರೆ ಬಿಸಿನೀರಿಗೆ ಬಿಡುವಂಥದ್ದು. ದಂಡೆಯ ಮೇಲೆ ಮೂರು ಕಲ್ಲು ಹೂಡಿ, ಹಂಡೆ ಇಟ್ಟು, ಕುದಿಯುವ ನೀರನ್ನು ಕೊಡಗಟ್ಟಲೆ ಸುರಿದಳು. ಅಲ್ಲಿ ಕೂತ ಗಂಡಸರಿಗೆ ಹಬ್ಬ.

“ಏನವ್ವಾ, ದೋಣಿಗೆ ಬಾಣಂತಿ ನೀರ ಎರಿಯಾಕತ್ತೀಯೇನು?”

“ಹೂಂ, ತೊಟ್ಟಲಾ ತಗೊಂಡು ಬರ್ರಿ, ಕೂಸಿಗೆ ನಿಮ್ಮ ಹೆಸರ ಇಡೂನು!”

ಬಾಯಲ್ಲಿ ಗೆದ್ದಳು, ಕೈಯಲ್ಲಿ ಸೋತಳು. ಅಂಟು ಮೆತ್ತಗಾಗಿ ಅವಳ ಅಂಗಾಲು, ಸೀರೆಯ ಅಂಚು, ನನ್ನ ಚಪ್ಪಲಿ ಎಲ್ಲವನ್ನೂ ಹಿಡಿಯಿತು. ಆರಿದ ಮೇಲೆ ಮೊದಲಿಗಿಂತ ಗಟ್ಟಿ. ನಾನು ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಮನೆಗೆ ಬಂದೆ.

ಆಮೇಲೆ ಬೀಳಗಿಯ ಬಣ್ಣದ ಅಂಗಡಿಯಿಂದ ಥಿನ್ನರ್ ತಂದಳು. ಒಂದು ಮೂಲೆಯಲ್ಲಿ ಅರಿವೆಯಿಂದ ಒರೆಸಿ ನೋಡಿದಳು. ಅಂಟಿನ ಜೊತೆ ದೋಣಿಯ ಮೈಯೂ ಬೆಣ್ಣೆಯಾಯಿತು. ಒತ್ತಿದರೆ ಬೆರಳಿನ ಗುರುತು ಮೂಡಿತು. ತಕ್ಷಣ ಡಬ್ಬಿ ಮುಚ್ಚಿದಳು. “ಬ್ಯಾನಿ ಇದ್ರ ಇರಲಿ ಅಕ್ಕಾ, ಈ ಔಷಧ ಬ್ಯಾಡ.”

ದಾರಿ ತೋರಿಸಿದ್ದು ಅವಳ ಕೈಗಳೇ. ಅಂಟಾದ ಕೈ ತೊಳೆಯಲೆಂದು, ಪಾತ್ರೆ ತಿಕ್ಕುವ ಹಾಗೆ, ಒಲೆಯ ಬೂದಿ ಹಚ್ಚಿಕೊಂಡು ಉಜ್ಜುತ್ತಿದ್ದಳು. ಅಂಟು ಸುತ್ತಿ ಸುತ್ತಿ ಉಂಡೆಯಾಗಿ ಉದುರಿತು. ಕೈ ನೋಡಿಕೊಂಡಳು, ನನ್ನನ್ನು ನೋಡಿದಳು. “ಬೂದಿ ಬುಟ್ಟಿ ತರ್ರಿ ಅಕ್ಕಾ!” ಅಂದದ್ದು ಓಣಿಗೆಲ್ಲ ಕೇಳಿತು.

ಆಮೇಲೆ ಅವಸರ ಮಾಡಲಿಲ್ಲ. ಗೋಣಿಚೀಲವನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಸ್ವಲ್ಪ ಸ್ವಲ್ಪ ಜಾಗಕ್ಕೆ ಹೊದಿಸುವುದು. ಮೆತ್ತಗಾದ ಕೂಡಲೇ ಬಿದಿರಿನ ಚಪ್ಪಟೆ ಸೀಳಿನಿಂದ ಕೆರೆಯುವುದು. ದೋಣಿಗೆ ಗೀರು ಬೀಳುತ್ತದೆಂದು ಕಬ್ಬಿಣ ಮುಟ್ಟಿಸಲಿಲ್ಲ. ಉಳಿದ ಜಿಗುಟಿಗೆ ಬೂದಿ ಉದುರಿಸಿ ಅಂಗೈಯಿಂದ ಉಜ್ಜುವುದು. ಎಲ್ಲ ಮುಗಿದ ಮೇಲೆ, ಒಲೆ ಆರಿಸಿ, ಡೀಸೆಲ್ ಅದ್ದಿದ ಅರಿವೆ, ಸಾಬೂನು ನೀರು, ಬಿಸಿಲು.

ನಾನೂ ಜೊತೆಗೆ ಕೂತೆ. ಕರುಣೆಯಿಂದಲ್ಲ. ಒಬ್ಬಳೇ ಮಾಡಿದರೆ ಅಮಾವಾಸ್ಯೆ ದಾಟುವುದು ಕಣ್ಣಿಗೆ ಕಾಣುತ್ತಿತ್ತು. ನಾನೆಲ್ಲಾದರೂ ಚೂರು ಬಿಟ್ಟು ಮುಂದೆ ಸರಿದರೆ ಹಿಂದಿನಿಂದ ಕೂಗು ಬರುತ್ತಿತ್ತು.

“ಅಕ್ಕಾ, ಎಳಿ ಹರದ್ರ ಗಂಟ ಹಾಕಿ ಮುಂದ ಹೋಗಬೇಕ್ರೀ. ಬಿಟ್ಟ ಹೋದ್ರ ಸೀರಿ ಉಟ್ಟಾಕಿ ಮೈಮ್ಯಾಲ ನಿಮ್ಮ ಹೆಸರ ಹೇಳತೈತಿ.”

“ಇದು ಸೀರಿ ಅಲ್ಲಬೇ, ದೋಣಿ.”

“ದೋಣಿ ಇನ್ನೂ ಜೋರ ಹೇಳತೈತಿ.”

ಬೈದುಕೊಳ್ಳುತ್ತ ಹಿಂದೆ ಸರಿದು ಮತ್ತೆ ಕೆರೆಯುತ್ತಿದ್ದೆ.

ಅಮಾವಾಸ್ಯೆಗೆ ಮೊದಲೇ ತಳ ಸ್ವಚ್ಛ ಆಯಿತು. ಹೊಸ ಕಾರ್ಪೆಟ್ ನೀಲಿ. ನಡುವಿನಿಂದ ಅಂಚಿಗೆ ಅಂಗೈಯಿಂದ ಒತ್ತುತ್ತ ಒಂದು ಗುಳ್ಳೆಯೂ ಉಳಿಯದಂತೆ ಕೂರಿಸಿದಳು.

ಆ ದಿನ ಬೆಳಿಗ್ಗೆ ಹೆಂಗಸರು ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಹೋಳಿಗೆಯ ಬುಟ್ಟಿ ಹೊತ್ತು ದಂಡೆಗೆ ಬಂದರು. ಬಂದು ನಿಂತರು. ಒಬ್ಬರ ಮುಖ ಒಬ್ಬರು ನೋಡಿದರೇ ಹೊರತು ಯಾರೂ ಹತ್ತಲಿಲ್ಲ. ಅವಳು ಇಂಜಿನ್ ಹತ್ತಿರ ಸುಮ್ಮನೆ ಕೂತಿದ್ದಳು. ಅವಳು ಸುಮ್ಮನೆ ಕೂತದ್ದನ್ನು ನಾನು ಮೊದಲು ಕಂಡಿರಲಿಲ್ಲ. ನನಗೆ ಸಿಟ್ಟು ಬಂತು. ಬುಟ್ಟಿ ಸಮೇತ ಹತ್ತಿ ನಡುವೆ ಕೂತೆ. “ಬರೂದಿದ್ರ ಬರ್ರಿ, ಇಲ್ಲಂದ್ರ ಈಸಿಕೋತ ಬರ್ರಿ,” ಅಂದೆ. ನಕ್ಕು ಒಬ್ಬೊಬ್ಬರೇ ಹತ್ತಿದರು.

ಕೊನೆಗೆ ನನ್ನ ಗಂಡ. ಹೆಂಗಸರ ನಡುವೆ ಕೂರುವುದು ಹೇಗೆಂದು, ಧೋತರದ ಚುಂಗು ಹಿಡಿದು ಅಂಚಿನಲ್ಲಿ ನಿಂತೇ ಹೊರಟರು. ನಡುನೀರಿನಲ್ಲಿ ಗಾಳಿ ಎದ್ದಿತು. ದೋಣಿ ಅವರ ಕಡೆಗೆ ವಾಲಿತು, ಬುಟ್ಟಿಗಳು ಜಾರಿದವು. ಅವಳು ನನಗೆ ಹೇಳಿ, ನಾನು ಅವರಿಗೆ ಹೇಳುವಷ್ಟು ಹೊತ್ತಿರಲಿಲ್ಲ.

“ಬಾವಾರ! ನಡುವ ಕುಂಡ್ರಿ!”

ಮದುವೆಯಾಗಿ ಬಂದ ಮೇಲೆ ಮೊದಲ ಸಲ, ನೇರ ಅವರಿಗೆ. ತಲೆಯ ಮೇಲೆ ಸೆರಗೂ ಇರಲಿಲ್ಲ, ಗಾಳಿ ಒಯ್ದಿತ್ತು. ನನ್ನ ಗಂಡ ಕೂತರು. ಜೋಳದ ಚೀಲ ಇಳಿಸಿದ ಹಾಗೆ ದೊಪ್ಪನೆ ಕೂತರು. ದೋಣಿ ನೆಟ್ಟಗಾಯಿತು.

ಸ್ವಲ್ಪ ಹೊತ್ತಿಗೆ ಅವರ ಅಂಗೈ ಕಾರ್ಪೆಟ್ಟಿನ ಮೇಲೆ ಮೆಲ್ಲಗೆ ಸರಿದಾಡುವುದು ಕಂಡಿತು. ಹಳೆಯ ಅಂಟಿನ ಉಬ್ಬು ಹುಡುಕುತ್ತಿದ್ದರು. ಸಿಗಲಿಲ್ಲ. ಆಚೆ ದಂಡೆ ಮುಟ್ಟಿದಾಗ ನನ್ನ ಕಡೆ ತಿರುಗಿ, “ಅಕಿಗೆ ಹೇಳು…” ಅಂದರು.

“ನೀವ ಹೇಳ್ರಿ. ಅಕಿ ಹೇಳಲಿಲ್ಲೇನು?”

ಗಂಟಲು ಸರಿಮಾಡಿಕೊಂಡರು. “ತಳಾ ಸಪಾಟ ಬಂದೈತಿ, ತಂಗಿ.”

“ಹೂಂರೀ ಬಾವಾರ. ಸಾವಕಾಶ ಇಳೀರಿ.”

ಅಂದಿನಿಂದ ದೋಣಿ ಅವಳದು. ಅವಳ ಕೂಗು ಕೇಳಿದರೆ ಆಚೆ ದಂಡೆಯವರು ಬುಟ್ಟಿ ಎತ್ತಿಕೊಂಡು ಏಳುತ್ತಿದ್ದರು, ಹಾರ್ನ್ ಬೇಕಾಗಲಿಲ್ಲ. ಬೇರೆ ಊರವರು “ಆ ನೀಲಿ ದೋಣಿಯಾಕಿ ನಿಮಗ ಏನಾಗಬೇಕ್ರೀ?” ಅಂತ ಕೇಳಿದರೆ ನಾನು ಎದೆ ಉಬ್ಬಿಸಿ “ನನ್ನ ನೆಗೆಣ್ಣಿ” ಅನ್ನುತ್ತಿದ್ದೆ. ನೆಗೆಣ್ಣಿಯರು ಹಾಗೆ ಹೇಳಿಕೊಳ್ಳುವುದು ನಮ್ಮ ಕಡೆ ಕಡಿಮೆ.

ಹೋದ ಮಳೆಗಾಲ ಕಾಮಾಲೆಯಾಗಿ ಜಮಖಂಡಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕೊನೆಗೆ ಅವಳ ಮಾತು ಕೇಳಲು ನಾನು ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಯಿತು. ಇಂಜಿನ್ ಎಣ್ಣೆ ಬದಲಿಸಲು ಮಗಳಿಗೆ ಹೇಳಿ ಅಂದಳು. ಅಷ್ಟೇ.

ನಾನು ಅಳುವವಳಲ್ಲ. ಆದರೆ ಅವಳ ಋಣ ನನ್ನ ಮೇಲಿದೆ. ಆ ಅಮಾವಾಸ್ಯೆಯಿಂದ ಇಬ್ಬರ ಮಾತು ಹೊರುವ ಕೂಲಿ ನನಗೆ ತಪ್ಪಿತು. ಪರರ ಮಾತು ಹೊತ್ತು ಹೊತ್ತು ನನ್ನ ಮಾತು ಯಾವುದೆಂದೇ ಮರೆತಿದ್ದೆ. ಅದು ತಿರುಗಿ ಬಂತು. ಅದರಿಂದ ನನ್ನ ಗಂಡನಿಗೆ ತ್ರಾಸಾಗಿದೆ. ಆಗಲಿ.

ಮೊನ್ನೆ ಮುಧೋಳದ ಕಡೆಯವನೊಬ್ಬ ದಂಡೆಗೆ ಬಂದು ನನ್ನ ಗಂಡನನ್ನು ಕೇಳಿದ, “ಯಜಮಾನ್ರ, ನಡಸಾಕಿ ಹೋದಳಂತ. ದೋಣಿ ಕೊಡತೀರೇನ್ರಿ?”

ಅವರು ಹೊಳೆಯ ಕಡೆ ಕೈ ಮಾಡಿದರು. ಅವಳ ಮಗಳು ಹೆಂಗಸರನ್ನು ತುಂಬಿಕೊಂಡು ನಡುನೀರಿನಲ್ಲಿ ಬರುತ್ತಿದ್ದಳು.

“ನನ್ನ ಕೇಳಬ್ಯಾಡ್ರಿ,” ಅಂದರು. “ಮಾಲಕರು ಬರಾಕತ್ತಾರ. ಅವರನ್ನ ಕೇಳ್ರಿ.”