ಮಾಗೋಡಿನ ‘ಇಲ್ಲೆ’

ಬ್ಯಾಟರಿ ಸತ್ತ ಒಂದು ಹಳೆಯ ಹವ್ಯಾಸಿ ರೇಡಿಯೋ ಉಪಗ್ರಹ ಬಿಸಿಲು ಬಿದ್ದಾಗ ಮಾತ್ರ ಮಾತಾಡುತ್ತಿತ್ತು, ಅದೂ ನಮ್ಮ ಮೇಲೆ ಹಾದುಹೋಗುವ ಸ್ವಲ್ಪ ಹೊತ್ತು. ಹಾವೇರಿಯಿಂದ ಕೆಲಸದ ಮೇಲೆ ಬಂದಿದ್ದ ನಾನು ಮಾಗೋಡಿನ ಕಾಡುದಾರಿಯಲ್ಲಿ, ಅದರ ಮೂಲಕ ದೂರದವರ ಜತೆ ಮಾತಾಡಲು ಆಂಟೆನಾ ಹಿಡಿದು ಚಡಪಡಿಸುತ್ತಿದ್ದೆ. ಸೊಪ್ಪಿನ ಹೊರೆ ಹೊತ್ತು ಬಂದ ಹಿರಿಯರೊಬ್ಬರನ್ನು ಕೇಳಿದೆ.

“ಅಜ್ಜಾರ, ಮರ ಅಡ್ಡ ಬರದಂಥ ಬಯಲು ಎಲ್ಲಾದ್ರೂ ಐತೇನ್ರಿ?”

“ಇಲ್ಲೆ.”

ನಮ್ಮ ಕಡೆ ಹಾಗಂದರೆ ‘ಇದೇ ಜಾಗ’. ಸುತ್ತ ಮರಗಳಿದ್ದರೂ ಅವರ ಮಾತು ನಂಬಿ ಅಲ್ಲೇ ನಿಂತೆ. ಅವರು ಹೊರೆ ಇಳಿಸಿ ನೋಡುತ್ತ ನಿಂತರು. ಉಪಗ್ರಹದಿಂದ ಯಾರದೋ ದನಿ ತೇಲಿ ಬಂತು. ನಾನು ಉತ್ತರ ಕೊಡುವಷ್ಟರಲ್ಲಿ ಮರಗಳ ಹಿಂದೆ ಕರಗಿಹೋಯಿತು.

“ಉಪಗ್ರಹ ಹೋತಲ್ರಿ. ಇಲ್ಲೆ ಅಂದವರು ನೀವ ಅಲ್ಲೇನ್ರಿ?” ರೇಗಿದೆ.

“ಹೌದು. ಬಯಲು ಇಲ್ಲೆ. ಎಲ್ಲಾ ಕಾಡೇಯ.” ಅವರ ಮಾತಿನಲ್ಲಿ ‘ಇಲ್ಲೆ’ ಅಂದರೆ ‘ಇಲ್ಲ’ ಅಂತ ಆಗ ಹೊಳೆಯಿತು. ಆಮೇಲೆ ಅವರು ಆಕಾಶ ನೋಡಿ ಕೇಳಿದರು, “ಇವತ್ತು ಮತ್ತೆ ಬತ್ತಾ ಅದು?”

“ಇಲ್ಲೆ,” ಅಂದೆ, ಅವರ ಅರ್ಥದಲ್ಲಿ.