ಸೊಪ್ಪಿನಮ್ಮ ಹೊತ್ತ ನೀರು

ಬುಟ್ಟಿಯಿಂದ ಸೋರುವ ನೀರು ಸೊಪ್ಪಿನಮ್ಮನ ಹಣೆಗಿಳಿದು, ಹುಬ್ಬಿನ ಸಂದಿಯಲ್ಲಿ ಒಂದು ಗಳಿಗೆ ನಿಂತು, ಮೂಗಿನ ಪಕ್ಕದಲ್ಲಿ ಜಾರಿ, ಇನ್ನೇನು ಬಾಯಿಗೆ ಬರಬೇಕು ಅನ್ನುವಷ್ಟರಲ್ಲಿ ಅವರು ತುಟಿ ಬಿಗಿದು ಸೆರಗಿನಿಂದ ಒರೆಸಿಬಿಡುತ್ತಿದ್ದರು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ದಂಟು, ಮೆಂತ್ಯ, ಸಬ್ಬಸಿಗೆ ತುಂಬಿದ ಬಿದಿರ ಬುಟ್ಟಿ. “ಸೊಪ್ಪೋ ಸೊಪ್ಪೂ” ಅಂತ ಕೂಗಿದ ಮರುಕ್ಷಣ ಬಾಯಿ ಗಪ್ಪನೆ ಮುಚ್ಚಿಕೊಳ್ಳುತ್ತಿತ್ತು. ವ್ಯಾಪಾರ ಮಾಡುವವರ ಬಾಯಿ ಇಷ್ಟು ಬಿಗಿಯಾದರೆ ಹೇಗಪ್ಪಾ ಅಂತ ನಾನು ಒಳಗೊಳಗೇ ನಗುತ್ತಿದ್ದೆ. ಯಾಕೆ ಅಂತ ಗೊತ್ತಾದ ಮೇಲೆ ನಗು ಬರಲಿಲ್ಲ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಮದುವೆಯಾಗಿ ವಿಜಯನಗರದ ಅತ್ತೆ ಮನೆಗೆ ಹೊಸದಾಗಿ ಬಂದಿದ್ದೆ. ಸೊಪ್ಪಿನಮ್ಮನ ಊರು ಕೆಂಗೇರಿ ದಾಟಿದ ಮೇಲೆ, ವೃಷಭಾವತಿ ಹೊಳೆಯ ದಂಡೆಯಲ್ಲಿ. ಬೆಳಗಿನ ಮೊದಲ ಬಸ್ಸು ಹಿಡಿದು ಬಂದು, ನಮ್ಮ ರಸ್ತೆ ಮುಗಿಸಿಕೊಂಡು ಮೂಡಲಪಾಳ್ಯದ ಕಡೆ ಹೋಗುತ್ತಿದ್ದರು. ಹೆಸರೊಂದು ಇತ್ತು, ನನಗೆ ಗೊತ್ತೂ ಇತ್ತು. ಆ ಹೆಸರು ಹಿಡಿದು ಕರೆದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ, ಹಾಗಾಗಿ ಇಲ್ಲೂ ಸೊಪ್ಪಿನಮ್ಮ ಅಂತಲೇ ಇರಲಿ.

ಮೃದು ಸ್ವಭಾವದ ಅಜ್ಜಿ ಅಂತ ಯಾರೂ ಅಂದುಕೊಳ್ಳಬೇಡಿ. ಚೌಕಾಸಿ ಮಾಡಿದರೆ ಬುಟ್ಟಿ ಎತ್ತಿಕೊಂಡು ಹೊರಟೇಬಿಡುತ್ತಿದ್ದರು. ಕಟ್ಟು ಬಿಚ್ಚಿ ನೋಡಿದರೆ ಕೈ ಮೇಲೆ ಹೊಡೆಯುತ್ತಿದ್ದರು, ನನಗೂ ಒಂದೆರಡು ಬಿದ್ದಿವೆ. ಆದರೆ ವ್ಯಾಪಾರ ಮುಗಿದ ಮೇಲೆ ಗೇಟಿನ ಪಕ್ಕ ಕೂತು “ಒಂದು ಚೊಂಬು ನೀರು ಕೊಡವ್ವ” ಅನ್ನುವಾಗ ದನಿಯೇ ಬೇರೆಯಾಗುತ್ತಿತ್ತು. ನಲ್ಲಿಯ ಕಾವೇರಿ ನೀರನ್ನು ಕಣ್ಣು ಮುಚ್ಚಿಕೊಂಡು, ಒಂದು ಹನಿ ಚೆಲ್ಲದ ಹಾಗೆ ಕುಡಿಯುತ್ತಿದ್ದರು. ಕುಡಿದು ಇನ್ನೊಂದು ಚೊಂಬು ಕೇಳುತ್ತಿದ್ದರು. “ತಲೆ ಮೇಲೆ ಅಷ್ಟು ನೀರು ಸುರಿಸ್ಕೊಂಡು ಬರ್ತಾಳೆ, ಆದ್ರೂ ಅದೇನು ದಾಹವೋ ಇವಳಿಗೆ” ಅಂತ ಅತ್ತೆ ಗೊಣಗುತ್ತಿದ್ದರು.

ನಮ್ಮ ರಸ್ತೆಯ ಕೊನೆಯಲ್ಲಿ ರಾಜಕಾಲುವೆ. ಅಕ್ಕಪಕ್ಕದ ಬಡಾವಣೆಗಳ ಕೊಳಚೆಯೆಲ್ಲ ಅದರಲ್ಲಿ ಕರ್ರಗೆ ಹರಿದು ವೃಷಭಾವತಿಗೆ ಸೇರುತ್ತದೆ. ನಾವೆಲ್ಲ ಮೂಗು ಮುಚ್ಚಿಕೊಂಡು ಓಡುವ ಆ ಜಾಗದಲ್ಲಿ ಸೊಪ್ಪಿನಮ್ಮ ದಿನಾ ಬುಟ್ಟಿ ಇಳಿಸಿ, ಮೋಟುಗೋಡೆಯ ಮೇಲಿಂದ ಬಗ್ಗಿ ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿದೆ.

“ಏನು ನೋಡ್ತೀರಿ ಸೊಪ್ಪಿನಮ್ಮ?”

“ಹೊಂಟವ್ಳಾ ಅಂತ ನೋಡ್ತಿದ್ದೆ ಕಣವ್ವ.”

“ಯಾರು?”

“ಹೊಳೆ. ಈಗ ನೀನು ಪಾತ್ರೆ ತೊಳ್ದ್ಯಲ್ಲ, ಆ ನೀರು. ನಾನು ಬಸ್ಸಲ್ಲಿ ಹೋಯ್ತೀನಿ, ಅವ್ಳು ನಡ್ಕೊಂಡು ಬತ್ತಾಳೆ. ಸಂಜಿಕೆ ಇಬ್ರೂ ಊರು ಸೇರ್ತೀವಿ.”

ಅಯ್ಯೋ, ಎಂಥಾ ಮಾತಾಡ್ತಾರಪ್ಪ ಅಂತ ನಕ್ಕುಬಿಟ್ಟೆ. ಅವರು ನಗಲಿಲ್ಲ. ಇನ್ನೊಂದು ದಿನ ನಮ್ಮತ್ತೆ ಮಾತಿನ ಭರದಲ್ಲಿ “ಇವಳು ಆ ಕೆಂಗೇರಿ ಮೋರಿ ಕಡೆಯವಳು” ಅಂದಾಗ ಸೊಪ್ಪಿನಮ್ಮನ ಮುಖ ಕೆಂಪಾಯಿತು. “ಮೋರಿ ಅನ್ಬ್ಯಾಡಿ ಅಮ್ಮಾವ್ರೆ. ನಾನು ಮದ್ವೆಯಾಗಿ ಬಂದಾಗ ಆ ಹೊಳೆ ಮರಳಲ್ಲಿ ಒರತೆ ತೆಗ್ದು, ಬಿಂದಿಗೆ ತುಂಬ್ಕೊಂಡು ಬಂದಿವ್ನಿ. ಸತ್ತವ್ರನ್ನೂ ನಾವು ಹೆಸ್ರಿಡ್ದೇ ಕರೀತೀವಿ.”

ಅಷ್ಟರಲ್ಲಿ ನಾನು ಬಸುರಿಯಾದೆ. ಅನ್ನ ಕಂಡರೆ ಆಗದು, ಕಾಫಿ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಒಂದು ಬೆಳಿಗ್ಗೆ ಎದ್ದವಳಿಗೆ ಬಿಸಿ ಮುದ್ದೆ ಜೊತೆ ದಂಟಿನ ಮಸ್ಸೊಪ್ಪು ಬೇಕು ಅನ್ನಿಸಿಬಿಟ್ಟಿತು. ಅದೆಂಥಾ ಆಸೆ ಅಂತೀರಿ! ಬಾಯಲ್ಲಿ ನೀರು, ಕಣ್ಣಲ್ಲೂ ನೀರು. ಗೇಟಿಗೆ ಓಡಿದೆ.

“ಸೊಪ್ಪಿನಮ್ಮ, ದಂಟು ಕೊಡಿ.”

ಅವರು ನನ್ನ ಮುಖ ನೋಡಿದರು. “ಎಷ್ಟು ತಿಂಗ್ಳವ್ವ?” ಅಂದರು. ಮೂರು ತುಂಬಿತು ಅಂದೆ. ಬುಟ್ಟಿಯ ಮೇಲೆ ಟವೆಲ್ಲು ಎಳೆದು ಮುಚ್ಚಿದರು.

“ನಿಂಗಿಲ್ಲ.”

ತಮಾಷೆ ಅಂದುಕೊಂಡೆ. ಮಾರನೆಯ ದಿನವೂ ಇಲ್ಲ. ಪಕ್ಕದ ಮನೆ ಆಂಟಿಗೆ ಎರಡು ಕಟ್ಟು ದಂಟು ಕೊಟ್ಟು, ನನ್ನ ಕಣ್ಣೆದುರೇ “ನಿಂಗಿಲ್ಲ” ಅಂದರು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ದಾರಿಯಲ್ಲಿ ಹೋಗುವವರ ಬುತ್ತಿಯನ್ನೇ ಬಸುರಿ ಕೇಳಿದರೂ ಬಿಚ್ಚಿ ಕೊಡಬೇಕು, ಇಲ್ಲ ಅನ್ನಬಾರದು. ಅತ್ತೆಗೆ ನೆತ್ತಿಗೇರಿತು.

“ಬಸುರಿ ಹುಡುಗಿ ಬಾಯಿಬಿಟ್ಟು ಕೇಳಿದಾಳೆ, ಇಲ್ಲ ಅಂತೀಯಲ್ಲ! ನಾಳೆ ಮಗು ಕಿವಿ ಸೋರಿದ್ರೆ ನೀನು ಬಂದು ಒರೆಸ್ತೀಯಾ?”

ಸೊಪ್ಪಿನಮ್ಮ ತುಟಿ ಬಿಗಿದುಕೊಂಡು ಬುಟ್ಟಿ ಎತ್ತಿದರು. ಇನ್ನು ಇವಳ ಸಹವಾಸವೇ ಬೇಡ ಅಂತ ಅತ್ತೆ ಮೇನ್‌ರೋಡಿನ ತಳ್ಳುಗಾಡಿಯವನ ಹತ್ತಿರ ದಂಟು ತಂದು, ಎಲ್ಲರಿಗೂ ಕಾಣಲಿ ಅಂತಲೇ ಬಾಗಿಲ ಮೆಟ್ಟಿಲ ಮೇಲೆ ಕೂತು ಸೋಸಿದರು. ಅಡುಗೆಮನೆಯಲ್ಲಿ ಬೇಳೆ, ಸೊಪ್ಪು ಬೆಂದು ಮಸೆದಾಗಿತ್ತು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ನಾನು ತಟ್ಟೆ ಹಿಡಿದು ಕೂತಿದ್ದೆ, ನಾಚಿಕೆಯಿಲ್ಲದೆ.

ಆಗ ಹೊರಗೆ ಸೊಪ್ಪಿನಮ್ಮನ ದನಿ ಕೇಳಿತು. ಬಗ್ಗಿ ನೋಡಿದರೆ, ಮೆಟ್ಟಿಲಿಂದ ಗೇಟಿನ ಹತ್ತಿರಕ್ಕೆ ಹಾರಿಹೋಗಿದ್ದ, ಸೊಪ್ಪಿನ ಕಟ್ಟಿಗೆ ಬಿಗಿದಿದ್ದ ಬಟ್ಟೆಚೂರು ಅವರ ಕೈಯಲ್ಲಿತ್ತು, ಕನಕಾಂಬರದ ಬಣ್ಣದ್ದು.

“ಇದನ್ನ ಎಲ್ಲಿ ತಂದ್ರಿ?”

“ಗಾಡಿಯವನ ಹತ್ರ. ನಿನ್ನ ಹಂಗೇನು ನಮಗೆ?” ಅಂದರು ಅತ್ತೆ.

ಆಮೇಲೆ ನಡೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾವತ್ತೂ ಗೇಟಿನಿಂದ ಈಚೆಗೆ ಕಾಲಿಡದ ಹೆಂಗಸು ಬುಟ್ಟಿಯನ್ನು ರಸ್ತೆಯಲ್ಲೇ ಇಟ್ಟು, ಮಣ್ಣುಗಾಲಲ್ಲೇ ನಡುಮನೆ ದಾಟಿ ಅಡುಗೆಮನೆಗೆ ನುಗ್ಗಿದರು. ಸೆರಗು ಹಿಡಿದು ಒಲೆಯ ಮೇಲಿನ ಪಾತ್ರೆ ಎತ್ತಿದರು. ಹಿತ್ತಲ ಬಚ್ಚಲಿಗೆ ಹೋಗಿ ಅಷ್ಟೂ ಮಸ್ಸೊಪ್ಪನ್ನು ಸುರಿದುಬಿಟ್ಟರು.

“ಹುಚ್ಚು ಹಿಡೀತೇನೇ ನಿನಗೆ!” ಅತ್ತೆ ಕೂಗಿದ್ದು ಇಡೀ ರಸ್ತೆಗೆ ಕೇಳಿಸಿರಬೇಕು. ನನಗೋ ಅಳು ಒತ್ತರಿಸಿಕೊಂಡು ಬಂತು. ಸೊಪ್ಪಿನಮ್ಮ ಖಾಲಿ ಪಾತ್ರೆ ಹಿಡಿದು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತರು.

“ಈ ಬಟ್ಟೆ ನನ್ನ ಹಳೇ ಸೀರೆದು. ನನ್ ಸೊಸೆ ಹರ್ದು ಕಟ್ಟು ಕಟ್ತಾಳೆ. ನನ್ ಮಗ ಮಾರ್ಕೆಟ್ಗೆ ಹಾಕ್ತಾನೆ, ಆ ಗಾಡಿಯೋನು ಅಲ್ಲಿಂದ ತತ್ತಾನೆ. ಇದೂ ನಮ್ಮ ಹೊಲದ್ದೇ. ಆ ನೀರಲ್ಲಿ ಬೆಳ್ದಿದ್ದು.”

ಅತ್ತೆ ನನ್ನ ಕೈಯಲ್ಲಿದ್ದ ತಟ್ಟೆ ತೆಗೆದು ಪಕ್ಕಕ್ಕಿಟ್ಟರು.

“ನಮ್ಮ ಹಸ ಗಬ್ಬ ಆಗಿತ್ತು ಅಮ್ಮಾವ್ರೆ. ಹಗ್ಗ ಕಿತ್ಕೊಂಡು ಹೋಗಿ ಹೊಳೆ ಕಾಲ್ವೇಲಿ ನೀರು ಕುಡೀತು. ಕರ ಸತ್ತು ಬಿತ್ತು. ಮುಂದಿನ ಸಲವೂ ಹಂಗೇ ಆಯ್ತು. ನೀರಿಂದ್ಲೇ ಆಯ್ತೋ, ಇನ್ನೇನೋ, ನಂಗೆ ಗೊತ್ತಿಲ್ಲ. ಆದ್ರೆ ಈ ಹುಡ್ಗಿ ಬಂದು ದಂಟು ಕೊಡಿ ಅಂದ್ರೆ ನಂಗೆ ಆ ಹಸ ಕಾಣ್ತದೆ. ಎಂಗೆ ಕೊಡ್ಲಿ?”

“ಹಾಗಾದ್ರೆ ಇಷ್ಟು ದಿನ ನಮಗೆಲ್ಲ ತಿನ್ನಿಸಿದ್ಯಲ್ಲೇ!”

“ನೀವು ಕಳಿಸಿದ್ದನ್ನೇ ತಂದ್ಕೊಟ್ಟೆ. ಫ್ಯಾಕ್ಟ್ರಿಯೋರು ಬಣ್ಣ ಕೊಟ್ರು, ನೀವು ಸೋಪಿನ ನೊರೆ ಕೊಟ್ರಿ, ಎಲ್ಲಾರೂ ಕಕ್ಕಸು ಕೊಟ್ರಿ. ನಾನು ಸೊಪ್ಪು ಮಾಡಿ ಹಿಂದಕ್ಕೆ ಕೊಟ್ಟೆ. ಬಾವಿ ನೀರೂ ಅದೇ ವಾಸ್ನೆ. ಬೆಳೀದೆ ಏನು ಮಣ್ಣು ತಿನ್ಲಾ?” ಇಷ್ಟು ಹೇಳುವಾಗ ದನಿ ಏರಿತ್ತು. ಆಮೇಲೆ ತಲೆ ತಗ್ಗಿಸಿ, ನಮಗೆ ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ ಅಂದರು: “ನಮ್ಮನೇಲಿ ಅದನ್ನ ತಿನ್ನಾಕಿಲ್ಲ.”

ಆ ಬಿಗಿದ ತುಟಿಯ ಅರ್ಥ ಆಗ ನನಗಾಯಿತು. ಸೊಪ್ಪು ತೊಳೆದು ತಂದ ಆ ಹೊಳೆ ನೀರಿನ ಒಂದು ಹನಿಯೂ ಬಾಯೊಳಗೆ ಹೋಗಬಾರದು ಅಂತ, ಅಷ್ಟೂ ವರ್ಷ, ಅಷ್ಟೂ ದಾರಿ.

ಸೊಪ್ಪಿನಮ್ಮ ಖಾಲಿ ಪಾತ್ರೆಯನ್ನು ಕೆಳಗಿಟ್ಟರು. ಎದ್ದು ಹೊರಟವರು ಬಾಗಿಲಲ್ಲಿ ನಿಂತು, “ಮನೇಲಿ ಖಾಲಿ ಎಣ್ಣೆ ಕ್ಯಾನು ಇದ್ರೆ ಕಾವೇರಿ ನೀರು ತುಂಬಿ ಕೊಡವ್ವ. ಬಯಕೆ ಅಂದ್ಯಲ್ಲ, ಬೆಳ್ದು ತತ್ತೀನಿ” ಅಂದರು.

ನಾನು ಎರಡು ಕ್ಯಾನು ತುಂಬಿಸಿ ಕೊಟ್ಟೆ. ಸೊಪ್ಪು ಖಾಲಿಯಾದ ಬುಟ್ಟಿಯಲ್ಲಿ ಅವನ್ನು ಕೂರಿಸಿಕೊಂಡು ಬಸ್ಸು ಹತ್ತಿದರು. ಅಲ್ಲಿಂದ ಮುಂದೆ ಅದೇ ಅಭ್ಯಾಸವಾಯಿತು. ಬರುವಾಗ ತಲೆಯ ಮೇಲೆ ಸೊಪ್ಪು, ಹೋಗುವಾಗ ತಲೆಯ ಮೇಲೆ ನೀರು. ಕಂಡಕ್ಟರು “ಏನಜ್ಜಿ, ದಿನಾ ಕ್ಯಾನಲ್ಲಿ ಸಾರಾಯಿ ಸಾಗಿಸ್ತಿದೀಯಾ?” ಅಂತ ಕಾಡಿಸುತ್ತಿದ್ದನಂತೆ. “ಹೂಂ ಕಣಪ್ಪ, ನಿಂಗೂ ಒಂದ್ಲೋಟ ಬೇಕಾ ಅಂದೆ” ಅಂತ ಹೇಳಿ, ಅಪರೂಪಕ್ಕೆ ಬಾಯಿ ತುಂಬ ನಕ್ಕರು. ಹೊಲದ ಮಣ್ಣನ್ನೂ ನಂಬದೆ ಗುಡ್ಡದ ಕಡೆಯಿಂದ ಮಣ್ಣು ಹೊತ್ತು ತಂದು, ಪೇಂಟ್ ಡಬ್ಬಗಳಿಗೆ ತುಂಬಿ, ಮನೆ ಬಾಗಿಲಲ್ಲೇ ದಂಟು ಬಿತ್ತಿದ್ದರು. ಕೋಳಿಗಳನ್ನು ಕಾಯಲು ಸೊಸೆಗೆ ಡ್ಯೂಟಿ.

ಐದನೇ ತಿಂಗಳಲ್ಲಿ ಬಂತು ನನ್ನ ದಂಟು. ಬುಟ್ಟಿಯಲ್ಲಲ್ಲ, ಅವರ ಮಡಿಲಲ್ಲಿ. ಪುಟ್ಟ ಕಟ್ಟು, ಎಲೆಯೂ ಸಣ್ಣ. ನಾನು ಉಂಡು ಮುಗಿಸುವವರೆಗೂ ಮೆಟ್ಟಿಲ ಮೇಲೆ ಕೂತೇ ಇದ್ದರು. ಅತ್ತೆ ಅವರಿಗೂ ಒಂದು ತಟ್ಟೆ ಬಡಿಸಿದರು. ಸೊಪ್ಪಿನಮ್ಮ ತಾವು ಬೆಳೆದ ಸೊಪ್ಪನ್ನು ತಿಂದಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಒಂದು ತುತ್ತು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು.

ಇನ್ನು ನಮ್ಮ ರಸ್ತೆಯ ಕತೆ ಕೇಳಿ. ಅತ್ತೆಯ ಬಾಯಲ್ಲಿ ಗುಟ್ಟು ನಿಲ್ಲುವುದುಂಟೇ? ಹದಿನೈದು ದಿನ ಯಾರೂ ಸೊಪ್ಪಿನಮ್ಮನ ಕೂಗಿಗೆ ಬಾಗಿಲು ತೆಗೆಯಲಿಲ್ಲ. ಎಲ್ಲರೂ ತಳ್ಳುಗಾಡಿಯಿಂದ ಕೊಂಡರು, ಅದೇ ಕನಕಾಂಬರದ ಬಟ್ಟೆ ಕಟ್ಟಿದ ಅದೇ ಸೊಪ್ಪು. ಗಾಡಿಯವನು ನಾಲ್ಕು ಪೈಸೆ ಜಾಸ್ತಿ ಮಾಡಿದ ಮೇಲೆ ಒಬ್ಬೊಬ್ಬರಾಗಿ ವಾಪಸು ಬಂದರು. “ಬೇಯಿಸಿದ್ರೆ ಎಲ್ಲಾ ಹೋಗುತ್ತೆ ಬಿಡಿ” ಅಂದರು ಪಕ್ಕದ ಮನೆ ಆಂಟಿ. ಬಸುರಿಯರಿಗೆ ಮಾತ್ರ ಸೊಪ್ಪಿನಮ್ಮ ಕೊಡುತ್ತಿರಲಿಲ್ಲ.

“ಉಳಿದವರ ಗತಿ?” ಅಂತ ಒಮ್ಮೆ ಕೇಳಿಯೇ ಬಿಟ್ಟೆ.

“ಎಲ್ಲಾರ್ಗೂ ನೀರು ಹೊರಾಕೆ ನಂಗಾಯ್ತದಾ?” ಅಂದರು.

ಮಗಳು ಹುಟ್ಟಿದಳು. ಬಾಣಂತನದಲ್ಲಿ ಅತ್ತೆ ದಿನಾ ಬೆಳಿಗ್ಗೆ ಮಗುವಿನ ಕಿವಿ ನೋಡುತ್ತಿದ್ದರು. ಸೊಪ್ಪಿನಮ್ಮನೂ ಬಂದು, ಮಗುವಿನ ಮುಖ ನೋಡುವ ಮೊದಲು ಕಿವಿ ತಿರುವಿ ನೋಡಿದರು. ಒಣಗಿತ್ತು. ಇಬ್ಬರೂ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವತ್ತಿಗೆ ಜಗಳ ಮುಗಿಯಿತು.

ಮಗಳು ಶಾಲೆ ಸೇರಿದ ಮೇಲೂ ಕ್ಯಾನುಗಳು ಓಡಾಡುತ್ತಲೇ ಇದ್ದವು, ಈಗ ಅವಳ ಪಾಲಿನ ಸೊಪ್ಪಿಗೆ. ಸೊಪ್ಪಿನಮ್ಮ ಸೊರಗುತ್ತಾ ಬಂದರು. ಒಂದು ದಿನ ಚೊಂಬು ಕೆಳಗಿಟ್ಟು ಹೇಳಿದರು: “ಕನಸಲ್ಲಿ ಬತ್ತಾಳೆ ಕಣವ್ವ. ಕೂದಲು ಬಿಟ್ಕೊಂಡು ಬಾಗ್ಲಲ್ಲಿ ನಿಂತ್ಕೊಂಡು, ಕುಡಿಯಾಕೆ ನೀರು ಕೊಡು ಅಂತಾಳೆ. ಹೊಳೆಗೇ ಬಾಯಾರಿಕೆ. ನಿಮ್ಮ ಕ್ಯಾನು ತೋರ್ಸಿದ್ರೆ, ಅದು ಸಾಲಾಕಿಲ್ಲ ಅಂತಾಳೆ.” ಜ್ವರ ಇರಬೇಕು, ಡಾಕ್ಟರಿಗೆ ತೋರಿಸಿ ಅಂದೆ.

ಆಮೇಲೆ ಕೆಲವು ದಿನ ಕೂಗು ಕೇಳಲಿಲ್ಲ. ಒಂದು ಬೆಳಿಗ್ಗೆ ಗೇಟಿನಲ್ಲಿ ಅವರ ಮಗ ನಿಂತಿದ್ದ. ಎರಡು ಕೈಯಲ್ಲೂ ಆ ಎಣ್ಣೆ ಕ್ಯಾನುಗಳು, ಖಾಲಿ.

“ಅವ್ವ ಹೋಗ್ಬುಟ್ಳು ಅಕ್ಕ” ಅಂದ. ಸ್ವಲ್ಪ ತಡೆದು, ಸಂಕೋಚದಿಂದ ಅಂದ: “ಆ ನೀರಲ್ಲಿ ನನ್ನ ತೊಳೀಬ್ಯಾಡಿ, ವಿಜಯನಗರದ ಮನೆಯಿಂದ ತನ್ನಿ ಅಂದಿದ್ಳು. ಒಂಚೂರು ನೀರು ಕೊಡ್ತೀರಾ?”

ಅವತ್ತು ನಲ್ಲಿಯಲ್ಲಿ ನೀರು ಬಿಡುವ ದಿನವಲ್ಲ. ಸಂಪಿನಿಂದ ಸೇದೋಣ ಅಂತ ನಾನು ಬಕೆಟ್ಟು ಹುಡುಕುತ್ತಿದ್ದೆ. ಅಷ್ಟರಲ್ಲಿ ಅತ್ತೆ ಕುಡಿಯುವ ನೀರಿನ ತಾಮ್ರದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಬಂದರು. ಆ ಕೊಡವನ್ನು ಅವರು ನನಗೂ ಮುಟ್ಟಗೊಡುತ್ತಿರಲಿಲ್ಲ. ಅದನ್ನೇ ಎರಡೂ ಕ್ಯಾನಿಗೆ ಬಗ್ಗಿಸಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು “ನೀನೂ ಹೋಗಿ ಬಾ” ಅಂದರು.

ಆಟೋದಲ್ಲಿ ಒಂದು ಕ್ಯಾನು ನನ್ನ ತೊಡೆಯ ಮೇಲಿತ್ತು. ಮೈಸೂರು ರಸ್ತೆಯುದ್ದಕ್ಕೂ ಪಕ್ಕದಲ್ಲೇ ಹೊಳೆ, ನೊರೆ ಹೊತ್ತು ನಮ್ಮ ಜೊತೆಗೇ ಬರುತ್ತಿತ್ತು. ಆ ವಾಸನೆಗೆ ಅವತ್ತು ಮೂಗು ಮುಚ್ಚಿಕೊಳ್ಳಲು ಮನಸ್ಸು ಬರಲಿಲ್ಲ. ಅಂಗಳದಲ್ಲಿ ಮಣೆಯ ಮೇಲೆ ಸೊಪ್ಪಿನಮ್ಮನನ್ನು ಕೂರಿಸಿದ್ದರು. ಸೊಸೆ ಚೊಂಬಿನಲ್ಲಿ ಒಂದಿಷ್ಟೂ ಪೋಲಾಗದ ಹಾಗೆ ತಲೆಗೆ ನೀರು ಬಿಟ್ಟಳು. ಅದು ಹಣೆಗಿಳಿದು, ಹುಬ್ಬಿನ ಸಂದಿಯಲ್ಲಿ ನಿಂತು, ಮೂಗಿನ ಪಕ್ಕದಲ್ಲಿ ಜಾರಿ ಬಾಯಿಗೆ ಬಂತು. ಯಾರೂ ಒರೆಸಲಿಲ್ಲ. ತುಟಿ ಬಿಗಿದಿರಲಿಲ್ಲ.

ಸಾವಿನ ಮನೆಯಿಂದ ಬಂದವರು ತಲೆಗೆ ಸ್ನಾನ ಮಾಡದೆ ಒಳಗೆ ಬರುವ ಹಾಗಿಲ್ಲ. ಸಂಜೆ ನಾನು ನೇರವಾಗಿ ಬಚ್ಚಲಿಗೆ ಹೋದೆ. ಸೋಪು ಹಚ್ಚಿ, ತಲೆಯ ಮೇಲೆ ನೀರು ಸುರಿದುಕೊಂಡೆ. ಬಿಳಿ ನೊರೆ ಕಾಲಿನ ಸುತ್ತ ತಿರುಗಿ, ಗುಳುಗುಳು ಅಂತ ಕೊಳವೆಗೆ ಇಳಿಯಿತು. ಹೊಳೆ ಹೊರಟಿತ್ತು. ಊರಲ್ಲಿ ಅದರ ದಾರಿ ಕಾಯುವವರು ಮಾತ್ರ ಇರಲಿಲ್ಲ.